ಅಪರಿಚಿತರ ಅಜ್ಜಂದಿರನ್ನು ಹುಡುಕಿಕೊಡುವ ದಂಪತಿ

ಟ್ರಾಕ್ಸ್ ರೈಲಿನಿಂದ ಟೆಂಪಲ್ ಸ್ಕ್ವೇರ್ ನಿಲ್ದಾಣದಲ್ಲಿ ಇಳಿದ ಕೂಡಲೇ ಕಣ್ಣು ಪೂರ್ವಕ್ಕೆ ಓಡುತ್ತದೆ. ವಾಸಾಚ್ ಪರ್ವತಗಳ ನೆತ್ತಿಯ ಮೇಲೆ ಅಕ್ಟೋಬರಿನ ಹೊಸ ಹಿಮ, ಇಳಿಜಾರಿನ ತುಂಬ ಕೆಂಪು, ಹಳದಿ, ತುಕ್ಕುಬಣ್ಣ. ಗಾಳಿ ವಾಯವ್ಯದಿಂದ ಬೀಸಿದಾಗ ಉಪ್ಪುಸರೋವರದ ಗಡಸು ವಾಸನೆ ಊರೊಳಗೆ ನುಗ್ಗುತ್ತದೆ. ಅಮೆರಿಕದ ಈ ಸಾಲ್ಟ್ ಲೇಕ್ ಸಿಟಿಯ ಹಳೆಯ ಬೀದಿಗಳು 132 ಅಡಿ ಅಗಲ. ಎತ್ತಿನ ಬಂಡಿ ಸಲೀಸಾಗಿ ತಿರುಗಲೆಂದು ಹಾಗೆ ಅಳೆದರಂತೆ. 1847ರ ಜುಲೈನಲ್ಲಿ ತಮ್ಮ ನಾಯಕ ಬ್ರಿಗಮ್ ಯಂಗ್ ಜೊತೆ ಮರುಭೂಮಿ ದಾಟಿ ಬಂದ ಮಾರ್ಮನ್ ಎಂಬ ಕ್ರೈಸ್ತ ಪಂಥದ ವಲಸಿಗರು ಕಟ್ಟಿದ ಊರಿದು.

ಅವರ ಮಂದಿರದ ಬೂದು ಗೋಡೆಗಳನ್ನು ಬಲಕ್ಕೆ ಬಿಟ್ಟು ನಡೆಯುತ್ತೇನೆ. 1853ರಲ್ಲಿ ಅಡಿಗಲ್ಲು ಇಟ್ಟದ್ದು, ಮುಗಿದದ್ದು 1893ರಲ್ಲಿ. ರಸ್ತೆ ದಾಟಿದರೆ ಮರದ ದಿಮ್ಮಿಗಳ ಒಂದು ಪುಟ್ಟ ಗುಡಿಸಲು, ಅದೂ 1847ರದ್ದೇ. ಅದರ ಪಕ್ಕದಲ್ಲಿದೆ ನಾನು ಹುಡುಕಿ ಬಂದ ಕಟ್ಟಡ: ಫ್ಯಾಮಿಲಿಸರ್ಚ್ ಲೈಬ್ರರಿ. ಐದು ಅಂತಸ್ತು, ಎರಡು ನೆಲದಡಿಯಲ್ಲಿ. ವಂಶಾವಳಿಯ ದಾಖಲೆಗಳಿಗೆಂದೇ ಇರುವ ಗ್ರಂಥಾಲಯಗಳಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದು.

ಬಾಗಿಲಲ್ಲೇ ವೃದ್ಧ ದಂಪತಿ ಎದುರುಗೊಳ್ಳುತ್ತಾರೆ. ಇಬ್ಬರ ಎದೆಯ ಮೇಲೂ ಕಪ್ಪು ಬಿಲ್ಲೆ. ಆತನದರಲ್ಲಿ ‘ಎಲ್ಡರ್’, ಆಕೆಯದರಲ್ಲಿ ‘ಸಿಸ್ಟರ್’. ಮಾರ್ಮನ್ ಮಿಷನರಿ ಎಂದರೆ ಬಿಳಿ ಅಂಗಿ ತೊಟ್ಟು ಜೋಡಿಯಾಗಿ ಮನೆಮನೆಗೆ ತಿರುಗುವ ಹುಡುಗರನ್ನೇ ನಾನು ಕಂಡಿದ್ದೆ. ಇವರಿಬ್ಬರಿಗೆ ಮೊಮ್ಮಕ್ಕಳಿದ್ದಾರೆ. ಆತ ಐಡಾಹೊದಲ್ಲಿ ಆಲೂಗಡ್ಡೆ ಬೆಳೆದವರು, ಆಕೆ ಶಾಲೆಯಲ್ಲಿ ಕಲಿಸಿದವರು. ಹೊಲವನ್ನು ಮಗನ ಕೈಗಿತ್ತು, ಮನೆಗೆ ಬೀಗ ಹಾಕಿ, ಒಂದೂವರೆ ವರ್ಷದ ಸೇವೆಗೆ ಬಂದಿದ್ದಾರೆ. ಸಂಬಳವಿಲ್ಲ. ಬಾಡಿಗೆ, ಊಟ ಎಲ್ಲವೂ ಸ್ವಂತ ಖರ್ಚು.

“ಬನ್ನಿ, ಮೊದಲು ಎಲ್ಲ ತೋರಿಸುತ್ತೇವೆ” ಎಂದು ಆಕೆ ಮುಂದಾಗುತ್ತಾರೆ. ಸಾಲುಸಾಲು ಕಂಪ್ಯೂಟರ್ ಪರದೆಗಳು, ಕಪಾಟುಗಳಲ್ಲಿ ಊರೂರಿನ ಚರಿತ್ರೆಗಳು, ಮೇಜಿನ ತುಂಬ ಹರಡಿದ ನಕಾಶೆಗಳು. ಪಿಸುಮಾತಿನ ಗುಂಯ್‌ಗುಡುವಿಕೆಯ ನಡುವೆ ಯಾರೋ ಒಬ್ಬರು “ಸಿಕ್ಕಿತು!” ಎಂದು ಕೂಗುತ್ತಾರೆ. ಯಾರೂ ಸುಮ್ಮನಿರಿ ಎನ್ನುವುದಿಲ್ಲ. ಅಕ್ಕಪಕ್ಕದವರು ಎದ್ದು ನೋಡಲು ಬರುತ್ತಾರೆ. ಇಂಥ ಗ್ರಂಥಾಲಯವನ್ನು ನಾನು ಬೇರೆಲ್ಲೂ ನೋಡಿಲ್ಲ.

ಕೂಗಿದ್ದು ಮಿನೆಸೋಟಾದಿಂದ ಬಂದ ಹೆಂಗಸು. ಆಕೆಯ ಪೂರ್ವಜನೊಬ್ಬ 1868ರ ಬರಗಾಲದಲ್ಲಿ ಸ್ವೀಡನ್ನಿನ ಸ್ಮೋಲಾಂಡ್ ಬಿಟ್ಟು ಹಡಗು ಹತ್ತಿದವನು. ಪರದೆಯ ಮೇಲೆ ಚರ್ಚಿನ ಹಳೆಯ ದಫ್ತರದ ಪುಟ: ಕಂದುಶಾಯಿ, ಬಳ್ಳಿಯಂತೆ ಹೆಣೆದುಕೊಂಡ ಅಕ್ಷರ. ಎಲ್ಡರ್ ಕನ್ನಡಕ ಸರಿಪಡಿಸಿಕೊಂಡು ಒಂದೊಂದೇ ಗೆರೆ ಓದಿ ಹೇಳುತ್ತಾರೆ. ಸ್ವೀಡನ್ನಿನ ಪಾದ್ರಿಗಳು ಮನೆಮನೆಯವರನ್ನೂ ಕೂರಿಸಿ ಧರ್ಮಪಾಠ ಬರುತ್ತದೆಯೇ, ಓದಲು ಬರುತ್ತದೆಯೇ ಎಂದು ಪರೀಕ್ಷಿಸಿ ಬರೆದಿಡುತ್ತಿದ್ದರು. ಹೀಗಾಗಿ ಜೀತದಾಳಿನಂತೆ ದುಡಿದ ಹುಡುಗನೂ ಅಲ್ಲಿ ಇದ್ದಾನೆ: ಹುಟ್ಟಿದ ದಿನ, ದುಡಿದ ಹೊಲಮನೆ, ಓದು ಎಷ್ಟು ಬರುತ್ತಿತ್ತು, ಕೊನೆಗೆ ಅಮೆರಿಕಕ್ಕೆ ಹೊರಟ ವರ್ಷ. ಆ ಹೆಂಗಸು ಪರದೆಯ ಮೇಲಿನ ಹೆಸರನ್ನು ಬೆರಳಿನಿಂದ ಮುಟ್ಟುತ್ತಾಳೆ. ಐಡಾಹೊದ ರೈತನ ಕಣ್ಣೂ ಒದ್ದೆ. ಆತನಿಗೂ ಆ ಹುಡುಗನಿಗೂ ಯಾವ ನಂಟೂ ಇಲ್ಲ!

ಏಕೆ ಇಷ್ಟು ಅಕ್ಕರೆ? ಕೇಳಿಯೇ ಬಿಡುತ್ತೇನೆ. ಕುಟುಂಬದ ಬಂಧ ಸಾವಿನಾಚೆಗೂ ಉಳಿಯುತ್ತದೆ ಎಂಬುದು ಇವರ ನಂಬಿಕೆ. ಗತಿಸಿದ ಹಿರಿಯರ ಪರವಾಗಿ ಮಂದಿರದಲ್ಲಿ ದೀಕ್ಷೆ ಪಡೆಯುತ್ತಾರೆ. ಒಪ್ಪುವುದು ಬಿಡುವುದು ಆ ಆತ್ಮಕ್ಕೆ ಬಿಟ್ಟದ್ದು. ಅದಕ್ಕೆ ಹೆಸರು ಬೇಕು, ಊರು ಬೇಕು, ಇಸವಿ ಬೇಕು. 1894ರಲ್ಲಿ ಇದಕ್ಕೆಂದೇ ಸಂಘ ಕಟ್ಟಿದರು. 1938ರಿಂದ ದೇಶದೇಶಗಳ ದಾಖಲೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸತೊಡಗಿದರು. ಸುರುಳಿಗಳ ಸಂಖ್ಯೆ 24 ಲಕ್ಷ ತಲುಪಿತು. 2021ರ ಹೊತ್ತಿಗೆ ಅವೆಲ್ಲ ಡಿಜಿಟಲ್ ರೂಪಕ್ಕೆ ಬಂದವು.

“ಇಂಡಿಯಾ ತೆಗೆಯಲೇ?” ಎನ್ನುತ್ತಾರೆ ಸಿಸ್ಟರ್. ಪರದೆಯ ಮೇಲೆ ಹರಿದ್ವಾರ, ಕುರುಕ್ಷೇತ್ರಗಳ ತೀರ್ಥಪುರೋಹಿತರಾದ ಪಂಡರ ಬಹಿಗಳು ತೆರೆದುಕೊಳ್ಳುತ್ತವೆ. ತೀರ್ಥಕ್ಷೇತ್ರಗಳ ಆ ಉದ್ದುದ್ದ ಪುಸ್ತಕಗಳನ್ನು, ಯಾತ್ರಿಕರು ಬರೆಸಿದ ತಲೆಮಾರುಗಳ ಹೆಸರುಗಳನ್ನು, ಅಮೆರಿಕದ ಈ ಉಪ್ಪುನೆಲದಲ್ಲಿ ನೋಡುತ್ತ ನನ್ನ ಮೈ ಝುಮ್ಮೆನ್ನುತ್ತದೆ.

ನಾನು ಅವರಿಗೆ ನಮ್ಮ ಹೆಳವರ ಕತೆ ಹೇಳುತ್ತೇನೆ. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ, ಗಂಟೆಯ ಸದ್ದಿನೊಂದಿಗೆ ಬರುವವರು. ಮನೆಯ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ವಂಶವನ್ನೆಲ್ಲ ಒಂದೇ ಓಟದಲ್ಲಿ ಹೇಳಿ ಕಾಳುಕಡಿ ಪಡೆದು ಹೋಗುವವರು. ಸಿಸ್ಟರ್ ಪೆನ್ಸಿಲ್ ಕೆಳಗಿಡುತ್ತಾರೆ. “ಅವರು ಹೇಳುವುದನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ?” ವಿದ್ವಾಂಸರು ಒಂದಿಷ್ಟು ಬರೆದಿದ್ದಾರೆ, ಕೆಲವು ಹೆಳವರ ಬಳಿ ಹೊತ್ತಿಗೆಗಳೂ ಇವೆ, ಬಹಳಷ್ಟು ಇನ್ನೂ ನಾಲಗೆಯ ಮೇಲೆಯೇ ಇದೆ ಎನ್ನುತ್ತೇನೆ. “ಹಾಗಾದರೆ ಬೇಗ ಮಾಡಬೇಕು” ಎಂದು ಗಂಡ ಹೆಂಡತಿ ಒಟ್ಟಿಗೇ ಹೇಳುತ್ತಾರೆ.

ಸಂಜೆ ಲಿಟಲ್ ಕಾಟನ್‌ವುಡ್ ಕಣಿವೆಗೆ ಹೋಗುತ್ತೇನೆ. ತೊರೆಯ ಮೊರೆತ, ಪೈನ್ ಮರಗಳ ಅಂಟಿನ ಪರಿಮಳ, ಎರಡೂ ಬದಿಗೆ ಆಕಾಶ ಮುಚ್ಚುವ ಬಂಡೆ. ಮಂದಿರದ ಕಲ್ಲನ್ನು ಎತ್ತುಗಳು ಎಳೆದು ತಂದದ್ದು ಇಲ್ಲಿಂದಲೇ. ಇದೇ ಬಂಡೆಯ ಹೊಟ್ಟೆಯೊಳಗೆ 1960ರ ದಶಕದಲ್ಲಿ ಸುರಂಗ ಕೊರೆದು ಆ ಫಿಲ್ಮ್ ಸುರುಳಿಗಳ ಮೂಲಪ್ರತಿಗಳನ್ನು ಭದ್ರವಾಗಿಟ್ಟಿದ್ದಾರೆ. ಒಳಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ರಾಜರ ಶಾಸನಗಳಿಗಷ್ಟೇ ಕಲ್ಲು ಕಂಡ ನನಗೆ, ಕೂಲಿಯವರ, ಬಾಣಂತಿಯರ, ಹಸುಗೂಸುಗಳ ಹೆಸರಿಗಾಗಿ ಬೆಟ್ಟವನ್ನೇ ಕೊರೆದದ್ದು ಮನುಷ್ಯರು ಮಾಡಿದ ಬಹು ದೊಡ್ಡ ಕೆಲಸಗಳಲ್ಲಿ ಒಂದಾಗಿ ಕಾಣುತ್ತದೆ.

ಆ ಕಡೆ ಹೋಗುವವರಿದ್ದರೆ ತಿಳಿದಿರಲಿ: ಗ್ರಂಥಾಲಯಕ್ಕೆ ಭಾನುವಾರ ರಜೆ, ಪ್ರವೇಶಕ್ಕೆ ಶುಲ್ಕವಿಲ್ಲ, ಎಲ್ಲ ಧರ್ಮದವರಿಗೂ ಬಾಗಿಲು ತೆರೆದಿದೆ. ಹೊರಡುವ ಮುಂಚೆ ಮನೆಯ ಹಿರಿಯರ ಪಕ್ಕ ಕೂತು ಅಜ್ಜ ಅಜ್ಜಿಯರ ಹೆಸರು, ಊರು ಬರೆದುಕೊಳ್ಳಿ. ಅಜ್ಜಿಯ ತವರೂರನ್ನೂ ಕೇಳಿ. ಹೋಗದವರೂ ಇಷ್ಟನ್ನು ಈ ವಾರವೇ ಮಾಡಿ.