ಕಾರಿನ ಹುಟ್ಟೂರು

ಮನುಷ್ಯನು ಒಂದು ರಾಜ್ಯವನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ಲೋಕರೂಢಿ. ಮನುಷ್ಯನು ಇದ್ದಲ್ಲೇ ಇದ್ದು, ರಾಜ್ಯವೇ ಅವನನ್ನು ಬಿಟ್ಟು ಹೋಗುವುದು ಅಪರೂಪ. ದಕ್ಷಿಣ ಕನ್ನಡದವರಿಗೆ ಈ ಎರಡನೆಯ ಅನುಭವವೂ ಆಗಿದೆ. 1956ನೆಯ ಇಸವಿ ಅಕ್ಟೋಬರ್ 31ರ ರಾತ್ರಿ ಪುತ್ತೂರಿನಲ್ಲಿ ಮದರಾಸು ರಾಜ್ಯದವನಾಗಿ ಮಲಗಿದವನು ಮರುದಿನ ಬೆಳಗ್ಗೆ ಮೈಸೂರು ರಾಜ್ಯದವನಾಗಿ ಎದ್ದನು. ಅಲ್ಲಿಂದ ಹದಿನೈದಿಪ್ಪತ್ತು ಮೈಲಿ ದೂರದ ಪೆರ್ಲ, ಬದಿಯಡ್ಕ, ಮುಳ್ಳೇರಿಯಾಗಳಲ್ಲಿ ಮಲಗಿದವನು ಕೇರಳದಲ್ಲಿ ಎದ್ದನು. ಯಾರೂ ಗಂಟುಮೂಟೆ ಕಟ್ಟಿರಲಿಲ್ಲ. ಕೊಟ್ಟಿಗೆಯ ದನ ಕೊಟ್ಟಿಗೆಯಲ್ಲೇ ಇತ್ತು. ತೋಟದ ಅಡಿಕೆ ತೋಟದಲ್ಲೇ ಇತ್ತು. ನಿನ್ನೆಯವರೆಗೆ ಒಂದೇ ಜಿಲ್ಲೆಯಾಗಿದ್ದ ನೆಲದ ನಡುವೆ ಒಂದು ಗೆರೆ ಮಾತ್ರ ಹೊಸದಾಗಿ ಬಂದಿತ್ತು.

ಈ ಗೆರೆಯ ಮೇಲೆ ಅಂದು ಬಸ್ಸುಗಳೂ ಲಾರಿಗಳೂ ಓಡುತ್ತಿದ್ದವು. ರಾಜ್ಯ ಪುನರ್ವಿಂಗಡಣೆಯ ಕಾಯಿದೆಯನ್ನು ಬರೆದವರು ಅವುಗಳನ್ನು ಮರೆಯಲಿಲ್ಲ. ಹಳೆಯ ರಾಜ್ಯ ಕೊಟ್ಟಿದ್ದ ಪರ್ಮಿಟ್ಟು ಹೊಸ ರಾಜ್ಯದ ಪಾಲಿಗೆ ಬಂದ ಪ್ರದೇಶದಲ್ಲಿಯೂ ಸದ್ಯಕ್ಕೆ ಊರ್ಜಿತವಾಗಿರತಕ್ಕದ್ದೆಂದು ಅದರಲ್ಲಿ ಪ್ರತ್ಯೇಕ ವಿಧಿಯನ್ನೇ ಸೇರಿಸಿದರು. ಇಲ್ಲವಾದರೆ ನವೆಂಬರ್ 1ರ ಬೆಳಗ್ಗೆ ಎಷ್ಟೋ ಬಸ್ಸುಗಳು ನಡುದಾರಿಯಲ್ಲಿ ಪರದೇಶಿಗಳಾಗುತ್ತಿದ್ದವು.

ಅಂದಿನಿಂದ ಈಚೆಗೆ ಆ ಗೆರೆಯನ್ನು ದಾಟುವವರಿಗೆ ಕಡಿಮೆಯೇನೂ ಇಲ್ಲ. ಪುತ್ತೂರಿನ ಹೆಣ್ಣನ್ನು ಪೆರ್ಲಕ್ಕೆ ಕೊಡುವುದುಂಟು. ಮುಳ್ಳೇರಿಯಾದ ಹೆಣ್ಣನ್ನು ಸುಳ್ಯಕ್ಕೆ ತರುವುದುಂಟು. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರ ಸಂಸ್ಥೆ ಎರಡೂ ರಾಜ್ಯಗಳ ಅಡಿಕೆಯನ್ನು ಕೊಳ್ಳುತ್ತದೆ. ಸುಳ್ಯದ ಮಗ್ಗುಲಲ್ಲಿ ಪಯಸ್ವಿನಿಯೆಂದು ಹರಿಯುವ ಹೊಳೆ ಕಾಸರಗೋಡನ್ನು ಸೇರುವಾಗ ಚಂದ್ರಗಿರಿ ಎನಿಸಿಕೊಳ್ಳುತ್ತದೆ. ಹೊಳೆಗೆ ಹೆಸರು ಬದಲಿಸಿಕೊಳ್ಳಲು ಯಾವ ಅರ್ಜಿಯೂ ಬೇಡ. ಮೋಟಾರು ಕಾರಿಗೆ ಆ ಸೌಭಾಗ್ಯವಿಲ್ಲ.

ಈ ಮಾತನ್ನು ಚೆನ್ನಾಗಿ ಬಲ್ಲವರು ಪುತ್ತೂರಿನ ಹೊರವಲಯದಲ್ಲಿ ಮಗನೊಡನೆ ವಾಸವಾಗಿರುವ ಒಬ್ಬ ನಿವೃತ್ತ ಮಾಸ್ತರರು. ಬದಿಯಡ್ಕದ ಕಡೆಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು. ಮಡದಿ ತೀರಿಕೊಂಡ ಮೇಲೆ ಒಬ್ಬರೇ ಇರುವುದು ಬೇಡವೆಂದು ಮಗ ಒತ್ತಾಯಿಸಿದ; ಮನೆ ಮಾರಿ ಈಚೆಗೆ ಬಂದರು. ಪಾತ್ರೆ, ಪುಸ್ತಕ, ದೇವರ ಪೆಟ್ಟಿಗೆ ಇವೆಲ್ಲ ಲಾರಿಯಲ್ಲಿ ಬಂದವು. ತಮ್ಮ ಸಣ್ಣ ಕಾರನ್ನು ಮಾತ್ರ ಮಾಸ್ತರರು ತಾವೇ ನಡೆಸಿಕೊಂಡು ಬಂದರು. ಅದರ ಹಣೆಯ ಮೇಲೆ ಕಾಸರಗೋಡಿನ ಗುರುತು, ಕೆ.ಎಲ್. 14. ಪುತ್ತೂರು, ಸುಳ್ಯ ಮತ್ತು ಈಚೆಗೆ ತಾಲ್ಲೂಕಾದ ಕಡಬ, ಈ ಮೂರಕ್ಕೂ ಸೇರಿದ ಗುರುತು ಕೆ.ಎ. 21. ಮಗಳನ್ನು ಕೊಟ್ಟದ್ದು ಸುಳ್ಯಕ್ಕೆ. ತಂಗಿಯ ಮನೆ ಕಡಬದಲ್ಲಿ. ಹೀಗಾಗಿ ಒಂದು ಹದಿನಾಲ್ಕು ದಿನವೂ ಇಪ್ಪತ್ತೊಂದರ ಸೀಮೆಯಲ್ಲಿ ಸಂಚರಿಸತೊಡಗಿತು.

ಮೊದಲ ತಿಂಗಳಲ್ಲೇ ಉಪದೇಶ ಪ್ರಾರಂಭವಾಯಿತು. ಮೂವತ್ತು ದಿನ ಮೀರಿದರೆ ಪೂರ್ತಿ ತೆರಿಗೆ ಕಟ್ಟಬೇಕೆಂದು ಒಬ್ಬರು ಹೆದರಿಸಿದರು. ಹೊಸ ಲೈಸೆನ್ಸು ಮಾಡಿಸದೆ ವಾಹನ ನಡೆಸುವುದೇ ಅಪರಾಧವೆಂದು ಇನ್ನೊಬ್ಬರು ಹೇಳಿದರು. ಕೇರಳದ ಕಾರಿಗೆ ಕೇರಳದಲ್ಲೇ ವಿಮೆ ಇಳಿಸಬೇಕು. ನಂಬರು ಬದಲಾಗುವ ತನಕ ಇಲ್ಲಿ ಯಾರೂ ವಿಮೆ ಕೊಡಲಾರರೆಂದು ಮೂರನೆಯವರು ತೀರ್ಪಿತ್ತರು. ಮಾಸ್ತರರು ಎಲ್ಲವನ್ನೂ ಕೇಳಿ, ಕಾರಿನ ಕಾಗದಪತ್ರಗಳನ್ನು ಒಂದು ಚೀಲದಲ್ಲಿ ಕಟ್ಟಿ ಬೀರುವಿನೊಳಗಿಟ್ಟರು. ಬಗೆಹರಿಯದ ವ್ಯವಹಾರಗಳಿಗೆ ನಮ್ಮ ಮನೆಗಳಲ್ಲಿ ಬೀರುವೇ ಮೊದಲ ನ್ಯಾಯಾಲಯವಲ್ಲವೇ?

ಈ ಉಪದೇಶಗಳಲ್ಲಿ ಯಾವುದೂ ಸಂಪೂರ್ಣ ನಿಜವಾಗಿರಲಿಲ್ಲ. ಹಾಗೆಂದು ಬುಡವಿಲ್ಲದ್ದೂ ಆಗಿರಲಿಲ್ಲ. ಮೂವತ್ತು ದಿನದ ಮಾತು 2014ರ ಒಂದು ತಿದ್ದುಪಡಿಯಿಂದ ಹುಟ್ಟಿದ್ದು. ಹೊರರಾಜ್ಯದ ವಾಹನ ಅಷ್ಟು ದಿನಕ್ಕಿಂತ ಹೆಚ್ಚು ಕರ್ನಾಟಕದಲ್ಲಿದ್ದರೆ ಆಜೀವ ತೆರಿಗೆ ಕಟ್ಟಬೇಕೆಂದು ಅದು ವಿಧಿಸಿತ್ತು. 2016ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಕಾನೂನು ಹೋದರೂ ಅದರ ಭಯ ಊರಿನಲ್ಲಿ ಉಳಿದುಕೊಂಡಿತು. ಮೋಟಾರು ವಾಹನ ಕಾಯಿದೆಯ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಹೊಸ ನಂಬರನ್ನು ಪಡೆಯಬೇಕು. 1939ರ ಕಾಯಿದೆಯಲ್ಲಿಯೂ ಇದೇ ಅವಧಿಯಿತ್ತು. 1988ರ ಈಗಿನ ಕಾಯಿದೆಯಲ್ಲಿಯೂ ಇದೇ ಇದೆ.

ಹನ್ನೆರಡು ತಿಂಗಳು ದೊಡ್ಡ ಅವಧಿ ಎನಿಸುತ್ತದೆ. ಆದರೆ ಮುಂದೂಡುವವನಿಗೆ ಅದು ಒಂದು ಮಳೆಗಾಲ, ಒಂದು ಅಡಿಕೆ ಕೊಯ್ಲು, ಪುತ್ತೂರು ಮಹಾಲಿಂಗೇಶ್ವರನ ಒಂದು ಜಾತ್ರೆ. ಅಷ್ಟರಲ್ಲಿ ಮುಗಿದೇ ಹೋಗುತ್ತದೆ.

ಹನ್ನೊಂದನೆಯ ತಿಂಗಳಿನಲ್ಲಿ ಸುಳ್ಯದಿಂದ ಮಗಳು ತವರಿಗೆ ಬಂದಳು. ಮರುದಿನ ತಂದೆಯ ಕಾರಿನಲ್ಲಿಯೇ ಹಿಂದಿರುಗುವುದೆಂದು ನಿಶ್ಚಯವಾಗಿತ್ತು. ಮಗುವಿನ ಜಾತಕವನ್ನು ಹುಡುಕುತ್ತಾ ಅವಳು ಬೀರು ತೆರೆದಾಗ ಕಾಗದದ ಚೀಲ ಕೈಗೆ ಸಿಕ್ಕಿತು. ಬಿಚ್ಚಿ ನೋಡಿದವಳ ಮುಖ ಸಣ್ಣದಾಯಿತು.

"ಅಪ್ಪಾ, ವಿಮೆ ನಾಡಿದ್ದು ಮಧ್ಯರಾತ್ರಿಗೆ ಮುಗಿಯುತ್ತದಲ್ಲ! ನಿಮಗೆ ಗೊತ್ತುಂಟೋ?"

"ಗೊತ್ತುಂಟು. ನಂಬರು ಬದಲಾಗದೆ ಇಲ್ಲಿ ವಿಮೆ ಆಗುವುದಿಲ್ಲವಂತೆ. ಎಲ್ಲವನ್ನೂ ಒಟ್ಟಿಗೆ ಮಾಡಿದರಾಯಿತು ಎಂದುಕೊಂಡೆ."

"ಆ ತನಕ ಕಾರು ಓಡಿಸುವುದಿಲ್ಲವೋ?"

ಮಾಸ್ತರರು ಉತ್ತರ ಕೊಡಲಿಲ್ಲ. ಬರುವ ವಾರವೇ ಕಡಬಕ್ಕೆ ಹೋಗಿ ತಂಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದಾಗಿ ಅವರು ಮಾತು ಕೊಟ್ಟಿದ್ದರು.

ವಿಮೆಯ ವಿಷಯದಲ್ಲಿ ಎಷ್ಟೋ ಸದ್ಗೃಹಸ್ಥರು ಎಡವುವುದು ಇಲ್ಲಿಯೇ. ಅದು ತಮ್ಮ ಕಾರಿನ ತಗಡಿಗೆ ಸಂಬಂಧಪಟ್ಟದ್ದು, ತಗಡು ಹೋದರೆ ತಮ್ಮ ನಷ್ಟ ಎಂದು ಅವರು ಭಾವಿಸುತ್ತಾರೆ. ಕಾನೂನು ಕಡ್ಡಾಯ ಮಾಡಿರುವ ವಿಮೆ ತಗಡಿನದಲ್ಲ. ದಾರಿಯಲ್ಲಿ ನಡೆದುಹೋಗುವ ಅನ್ಯನದು. ಭಾರತದಲ್ಲಿ 1946ರ ಜುಲೈ 1ರಿಂದ ಈ ಮೂರನೆಯವನ ವಿಮೆ ಜಾರಿಯಲ್ಲಿದೆ. ಶಾಲೆ ಬಿಟ್ಟು ಬರುವ ಮಗುವಿಗೋ, ಸಂತೆಗೆ ಹೊರಟ ಮುದುಕಿಗೋ ಕಾರಿನಿಂದ ಅಪಘಾತವಾದರೆ ಅವರ ಮನೆಗೆ ಪರಿಹಾರ ದೊರೆಯಲೆಂದು ಅದನ್ನು ಮಾಡಿದರು. ಸಾವುನೋವುಗಳಲ್ಲಿ ವಿಮಾ ಕಂಪೆನಿ ಕೊಡಬೇಕಾದ ಪರಿಹಾರಕ್ಕೆ ಮೇಲ್ಮಿತಿಯಿಲ್ಲ. ವಿಮೆಯಿಲ್ಲದ ಕಾರಾದರೆ ಆ ಭಾರವೆಲ್ಲ ಮಾಲಿಕನ ತಲೆಯ ಮೇಲೆ. ಮೊದಲ ಸಲ ಸಿಕ್ಕಿಬಿದ್ದರೆ ಎರಡು ಸಾವಿರ ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡೂ, ಎಂಬುದು ಈ ಭಾರದ ಮುಂದೆ ಸಣ್ಣ ಮಾತು. ಮೂವತ್ತು ವರ್ಷ ಊರಿನ ಮಕ್ಕಳನ್ನು ಕೈಹಿಡಿದು ರಸ್ತೆ ದಾಟಿಸಿದ ಮಾಸ್ತರರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಲಿಲ್ಲ.

ವಿಮೆಗೆ ರಾಜ್ಯದ ಗಡಿಯೆಂಬುದಿಲ್ಲ. ಕಾಸರಗೋಡಿನಲ್ಲಿ ಇಳಿಸಿದ ವಿಮೆ ಕಡಬದಲ್ಲಿಯೂ ನಡೆಯುತ್ತದೆ. ಹಳೆಯ ನಂಬರಿನ ಮೇಲೆಯೇ ಪುತ್ತೂರಿನಲ್ಲಿ ಕುಳಿತು ನವೀಕರಿಸಬಹುದು. ಹೊಸ ನಂಬರು ಬಂದಾಗ ಅದನ್ನೂ ಹೊಸ ವಿಳಾಸವನ್ನೂ ಕಂಪೆನಿಗೆ ತಿಳಿಸಿ, ಪಾಲಿಸಿಯಲ್ಲಿ ತಿದ್ದುಪಡಿ ಬರೆಸಿಕೊಂಡರಾಯಿತು. ವರ್ಷಾನುವರ್ಷ ಪರಿಹಾರ ಕೇಳದೆ ಸಂಪಾದಿಸಿದ ರಿಯಾಯಿತಿಯೂ ಉಳಿಯುತ್ತದೆ. ಮೊದಲ ವರ್ಷಕ್ಕೆ ಶೇಕಡ 20ರಿಂದ ಪ್ರಾರಂಭವಾಗಿ ಐದು ವರ್ಷಕ್ಕೆ 50ರವರೆಗೆ ಏರುವ ಈ ರಿಯಾಯಿತಿ ಮಾಲಿಕನ ಸೊತ್ತು. ಅವಧಿ ಮುಗಿದು ತೊಂಬತ್ತು ದಿನ ಸುಮ್ಮನಿದ್ದರೆ ಮಾತ್ರ ಅದು ಕೈಬಿಟ್ಟು ಹೋಗುತ್ತದೆ. ಇಷ್ಟನ್ನೂ ಮಗಳು ತನ್ನ ಪರಿಚಯದ ವಿಮಾ ಪ್ರತಿನಿಧಿಯಿಂದ ಕೇಳಿ ತಿಳಿದಳು; ಕತ್ತಲಾಗುವ ಮೊದಲೇ ಹಣ ಕಟ್ಟಿ ಮುಗಿಸಿದಳು. ಹನ್ನೊಂದು ತಿಂಗಳು ಬೀರುವಿನಲ್ಲಿದ್ದ ಸಮಸ್ಯೆಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ.

ಲೈಸೆನ್ಸಿನ ಭಯವೂ ಹಾಗೆಯೇ ಕರಗಿತು. ಅದು ಮನುಷ್ಯನಿಗೆ ಕೊಟ್ಟ ಅನುಮತಿ, ಭಾರತದಾದ್ಯಂತ ಸಲ್ಲುತ್ತದೆ. ರಾಜ್ಯ ಬದಲಾಯಿತೆಂದು ಮತ್ತೆ ಪರೀಕ್ಷೆಗೆ ಕೂರಬೇಕಾಗಿಲ್ಲ, ವಿಳಾಸವನ್ನು ತಿದ್ದಿಸಿಕೊಳ್ಳಬಹುದು. ಐವತ್ತೈದು ದಾಟಿದವರು ಐದೈದು ವರ್ಷಕ್ಕೆ ನವೀಕರಿಸಬೇಕು; ಜೊತೆಗೆ ವೈದ್ಯರ ಪ್ರಮಾಣಪತ್ರ ಬೇಕು. ಇದು ಗಡಿಯ ನಿಯಮವಲ್ಲ, ವಯಸ್ಸಿನ ನಿಯಮ.

ಉಳಿದದ್ದು ನಂಬರು. ಹನ್ನೊಂದು ತಿಂಗಳ ಆಲಸ್ಯಕ್ಕೆ ನಿಜವಾದ ಕಾರಣ ಆ ರಾತ್ರಿ ಊಟದ ನಂತರ ಹೊರಬಿತ್ತು. "ಮನೆ ಹೋಯಿತು, ತೋಟ ಹೋಯಿತು. ಆ ಊರಿನದೆಂದು ನನ್ನಲ್ಲಿ ಉಳಿದದ್ದು ಅದೊಂದು ಹದಿನಾಲ್ಕು. ಅದನ್ನೂ ಕಿತ್ತುಹಾಕಿದರೆ ನಾನು ಎಲ್ಲಿಯವನು?" ಎಂದರು ಮಾಸ್ತರರು. ಮಗನಾಗಲಿ ಮಗಳಾಗಲಿ ಮರುಮಾತಾಡಲಿಲ್ಲ. 1956ರಲ್ಲಿ ಇವರ ತಂದೆ ಊರು ಬಿಡದೆ ರಾಜ್ಯ ಕಳೆದುಕೊಂಡವರು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರ ಭಾಗವನ್ನು ಮೈಸೂರಿಗೆ ಸೇರಿಸಲು ಶಿಫಾರಸು ಮಾಡಿದಾಗ ಸಂತೋಷಪಟ್ಟು, ಆಮೇಲೆ ಕಾದು ಕಾದು ಸುಮ್ಮನಾದವರು. ಮಗ ಈಗ ತಂದೆ ಬಯಸಿದ ರಾಜ್ಯಕ್ಕೇ ಬಂದು ಸೇರಿದ್ದರು, ಆದರೆ ಊರನ್ನು ಕೊಟ್ಟು.

ಆದರೂ ಕೆಲಸ ನಡೆಯಲೇಬೇಕಲ್ಲ. ಮೊದಲು ಮೂಲ ನೋಂದಣಿಯ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಅದರ ಅರ್ಜಿಯಲ್ಲಿ ಚಾಸಿಯ ಮೇಲೆ ಕೊರೆದ ಸಂಖ್ಯೆಯ ಪಡಿಯಚ್ಚನ್ನು ಪೆನ್ಸಿಲಿನಿಂದ ತೆಗೆದು ಅಂಟಿಸಬೇಕು. ಮೊಮ್ಮಗ ಕಾಗದವಿಟ್ಟು ಉಜ್ಜಿದಾಗ ಅಂಕೆಗಳು ಒಂದೊಂದಾಗಿ ಮೂಡಿಬಂದವು. ಮಾಸ್ತರರಿಗೆ ತರಗತಿಯ ಮಕ್ಕಳು ನಾಣ್ಯದ ಮೇಲೆ ಕಾಗದವಿಟ್ಟು ಉಜ್ಜುತ್ತಿದ್ದುದು ನೆನಪಾಯಿತು. ವಾಹನದ ಮೇಲೆ ಸಾಲವಿದ್ದರೆ ಸಾಲ ಕೊಟ್ಟವರ ಒಪ್ಪಿಗೆ ಬೇಕು, ಇವರದರಲ್ಲಿ ಸಾಲವಿರಲಿಲ್ಲ. ಅರ್ಜಿ ಸಲ್ಲಿಸಿದ ಮೂವತ್ತು ದಿನಗಳೊಳಗೆ ಕಚೇರಿ ಪತ್ರ ಕೊಡಬೇಕು, ಇಲ್ಲವೆ ಕಾರಣ ತಿಳಿಸಿ ನಿರಾಕರಿಸಬೇಕು; ಎರಡೂ ಇಲ್ಲವಾದರೆ ಕೊಟ್ಟಂತೆಯೇ ಎಂದು ಕಾಯಿದೆ ಹೇಳುತ್ತದೆ. ಇವರಿಗೆ ಸಕಾಲದಲ್ಲಿ ದೊರೆಯಿತು. ಕಾಗದವನ್ನು ಕೈಯಲ್ಲಿ ಹಿಡಿದು ಮಾಸ್ತರರು ಬಹಳ ಹೊತ್ತು ನೋಡಿದರು. ಅವರು ಮನೆ ಮಾರಿ ಹೊರಟ ದಿನ, ನೀನು ಹೋಗುವುದಕ್ಕೆ ನಮ್ಮ ಆಕ್ಷೇಪವಿಲ್ಲವೆಂದು ಯಾರೂ ಬರೆದುಕೊಟ್ಟಿರಲಿಲ್ಲ.

ಪುತ್ತೂರಿನ ಕಚೇರಿಯಲ್ಲಿ 27ನೆಯ ನಮೂನೆಯ ಅರ್ಜಿ, ನಿರಾಕ್ಷೇಪಣಾ ಪತ್ರ, ಆರ್.ಸಿ., ವಿಮೆ, ಹೊಗೆ ತಪಾಸಣೆಯ ಪತ್ರ, ಹೊಸ ವಿಳಾಸದ ದಾಖಲೆ ಇವನ್ನೆಲ್ಲ ಒಪ್ಪಿಸಿ ಕಾರನ್ನು ತೋರಿಸಿದರು. ಕಾರಿನ ಬೆಲೆ ಮತ್ತು ವಯಸ್ಸಿಗೆ ತಕ್ಕಂತೆ ಕರ್ನಾಟಕದ ಆಜೀವ ತೆರಿಗೆಯನ್ನೂ ಕಟ್ಟಿದರು. ಕೇರಳದಲ್ಲಿ ಮುಂಗಡವಾಗಿ ಕಟ್ಟಿದ್ದ ತೆರಿಗೆಯ ಉಳಿದ ಪಾಲನ್ನು ಅಲ್ಲಿಯೇ ಅರ್ಜಿ ಹಾಕಿ ಕೇಳಬೇಕು. ತಾನಾಗಿ ಅದು ಮನೆಗೆ ಬರುವುದಿಲ್ಲ. ಎಷ್ಟೋ ಮಂದಿ ಹೊಸ ನಂಬರಿನ ಸಂಭ್ರಮದಲ್ಲಿ ಈ ಹಣವನ್ನು ಮರೆಯುತ್ತಾರೆ. ಮಾಸ್ತರರು ಮರೆಯಲಿಲ್ಲ, ಅದು ಪಿಂಚಣಿಯ ಹಣ.

ಆಗಾಗ ವರ್ಗವಾಗುವವರಿಗೆ ಈಗ ಬೇರೆ ದಾರಿಯೂ ಉಂಟು. 2021ರ ಸೆಪ್ಟೆಂಬರಿನಿಂದ ಬಂದ ಭಾರತ್ ಸರಣಿಯ ಬಿ.ಎಚ್. ನಂಬರನ್ನು ಪಡೆದರೆ ರಾಜ್ಯ ಬದಲಾದಾಗ ಮರುನೋಂದಣಿ ಬೇಡ; ತೆರಿಗೆಯನ್ನೂ ಎರಡೆರಡು ವರ್ಷದ ಲೆಕ್ಕದಲ್ಲಿ ಕಟ್ಟಬಹುದು. ಕೇಂದ್ರ, ರಾಜ್ಯ ಸರಕಾರದ ನೌಕರರಿಗೆ, ರಕ್ಷಣಾ ಪಡೆಯವರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯುಳ್ಳ ಖಾಸಗಿ ಕಂಪೆನಿಗಳ ನೌಕರರಿಗೆ ಈ ಸೌಕರ್ಯವಿದೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಿಂದ ಕಡಬದ ಕಡೆಯ ಕಿದು ಕೇಂದ್ರಕ್ಕೆ ವರ್ಗವಾಗಿ ಬರುವ ನೌಕರನಿಗೆ ಇದು ಅನುಕೂಲ. ಮಕ್ಕಳ ಮನೆ ಸೇರುವ ಮುದುಕರಿಗೆ ಇಂಥ ಸರಣಿಯಿಲ್ಲ.

ಹೊಸ ನಂಬರು ಬಂದ ತಿಂಗಳಲ್ಲಿ ಮಾಸ್ತರರು ಮಧೂರಿನ ಗಣಪತಿ ದರ್ಶನಕ್ಕೆ ಹೋದರು. ಹೋಗುವ ದಾರಿಯಲ್ಲಿ ಬದಿಯಡ್ಕದ ಪರಿಚಿತ ಹೋಟೆಲಿನ ಮುಂದೆ ಕಾರು ನಿಲ್ಲಿಸಿದರು. ಗಲ್ಲಾದ ಮೇಲಿದ್ದವನು ಅವರ ಹಳೆಯ ವಿದ್ಯಾರ್ಥಿ. ನಂಬರು ಹಲಗೆಯ ಕಡೆ ನೋಡಿ ಹುಬ್ಬೇರಿಸಿದ.

"ಕಾರು ಹೊಸತೋ ಮಾಸ್ತರೇ?"

"ಇಲ್ಲ ಮಾರಾಯ, ನಂಬರು ಮಾತ್ರ."

ಅವನು ಒಳಗೆ ತಿರುಗಿ, ಮಾಸ್ತರರಿಗೆ ಒಂದು ಚಾ ಎಂದು ಕೂಗಿದ. ಸಕ್ಕರೆ ಎಷ್ಟೆಂದು ಕೇಳಲಿಲ್ಲ. ಹಿಂದಿನಷ್ಟೇ ಹಾಕಿ ಬಂತು.