ಗ್ಲೆನ್‌ಗೆ ಸಲ್ಲಬೇಕಿದ್ದ ಸಾವು

‘ದಿ ವಾಕಿಂಗ್ ಡೆಡ್’ ಧಾರಾವಾಹಿಯ ಮೇಲೆ ಮುನಿಸಿಕೊಂಡವರಲ್ಲಿ ಎರಡು ಬಗೆ. ರಾಬರ್ಟ್ ಕರ್ಕ್‌ಮನ್ ಬರೆದ ಕಾಮಿಕ್ಸ್ ಓದಿ ಆಮೇಲೆ ಟಿ.ವಿ. ಮುಂದೆ ಕೂತವರು, ಕಾಮಿಕ್ಸನ್ನು ಮುಟ್ಟದೆ ನೇರವಾಗಿ ಟಿ.ವಿ.ಯಲ್ಲೇ ಕಂಡವರು. ನನ್ನ ತಮ್ಮ ಮೊದಲನೆಯವನು, ನಾನು ಎರಡನೆಯವಳು. ಅವನ ದೂರುಗಳು ಎಷ್ಟೋ ಸಲ ನನಗೆ ಅರ್ಥವಾಗುತ್ತಿರಲಿಲ್ಲ, ನನ್ನವು ಅವನಿಗೆ ಸಣ್ಣವಾಗಿ ಕಾಣುತ್ತಿದ್ದವು. ಗ್ಲೆನ್ ಎಂಬ ಪಾತ್ರ ಸತ್ತ ರೀತಿಯ ಮಾತು ಬಂದಾಗ ಮಾತ್ರ ಇಬ್ಬರಿಗೂ ಒಂದೇ ಸಂಕಟ. ಅವನು ಸತ್ತನೆಂಬುದಕ್ಕೆ ನಮ್ಮ ತಕರಾರಿಲ್ಲ. ತಕರಾರು ಆ ರೀತಿಯ ಬಗ್ಗೆ.

ಹೆಣಗಳು ಎದ್ದು ಓಡಾಡುವ ಕಥೆಯಲ್ಲಿ ಸಾವಿನ ರೀತಿಗೆ ಏನು ಬೆಲೆ ಎಂದು ಯಾರಾದರೂ ಕೇಳಬಹುದು. ಆದರೆ ಈ ಕಥೆ ನಮ್ಮನ್ನು ಹಿಡಿದು ಕೂರಿಸಿದ್ದೇ ಅದರಿಂದ. 2010ರ ಅಕ್ಟೋಬರ್ 31ರಂದು ಅಮೆರಿಕದ ಎ.ಎಂ.ಸಿ. ವಾಹಿನಿಯಲ್ಲಿ ಬಂದ ಮೊದಲ ಕಂತನ್ನು ಫ್ರಾಂಕ್ ಡ್ಯಾರಬಾಂಟ್ ಬರೆದು ನಿರ್ದೇಶಿಸಿದ್ದರು. ಆಸ್ಪತ್ರೆಯಲ್ಲಿ ಎಚ್ಚರವಾಗಿ ಹೊರಬಂದ ಕಥಾನಾಯಕ ರಿಕ್ ಗ್ರೈಮ್ಸ್‌ಗೆ ಹುಲ್ಲಿನ ಮೇಲೆ ತೆವಳುವ ಹೆಂಗಸೊಬ್ಬಳು ಕಾಣುತ್ತಾಳೆ. ಸೊಂಟದಿಂದ ಕೆಳಗೆ ದೇಹವೇ ಇಲ್ಲ. ಅವನು ಬೆದರಿ ದೂರ ಸರಿಯುತ್ತಾನೆ. ಆಮೇಲೆ, ಕೈಗೆ ಕೋವಿ ಬಂದಮೇಲೆ, ಅವಳನ್ನೇ ಹುಡುಕಿಕೊಂಡು ವಾಪಸು ಬರುತ್ತಾನೆ. ಅವಳಿಗೆ ಒದಗಿದ ಗತಿಗೆ ಮರುಗಿ, ಕಣ್ಣು ತುಂಬಿಕೊಂಡು, ತಲೆಗೆ ಗುಂಡು ಹಾರಿಸುತ್ತಾನೆ. ಅದೇ ಹೊತ್ತಿಗೆ ಇನ್ನೊಂದು ಕಡೆ ಮನೆಯೊಂದರ ಕಿಟಕಿಯಲ್ಲಿ ಮಾರ್ಗನ್ ಎಂಬವನು, ವಾಕರ್ ಆಗಿ, ಅಂದರೆ ಎದ್ದು ನಡೆಯುವ ಹೆಣವಾಗಿ, ಬೀದಿಯಲ್ಲಿ ಅಲೆಯುತ್ತಿರುವ ತನ್ನ ಹೆಂಡತಿಗೆ ಗುರಿಯಿಟ್ಟು, ಕುದುರೆ ಎಳೆಯಲಾಗದೆ ಅಳುತ್ತಾನೆ. ಸತ್ತವರಿಗೆ ಬದುಕಿರುವವರು ಏನೋ ಸಲ್ಲಿಸಬೇಕಿದೆ ಎಂಬುದನ್ನು ಮೊದಲ ದಿನವೇ ಹೇಳಿಬಿಟ್ಟ ಧಾರಾವಾಹಿ ಇದು.

ಎರಡನೆಯ ಸೀಸನ್ನಿನಲ್ಲಿ ಸೋಫಿಯಾ ಎಂಬ ಪುಟ್ಟ ಹುಡುಗಿಯನ್ನು ಹುಡುಕುವುದರಲ್ಲೇ ಕಂತುಗಳು ಕಳೆದವು. ಕಥೆ ಮುಂದಕ್ಕೇ ಹೋಗುತ್ತಿಲ್ಲ ಎಂದು ಬಹಳ ಮಂದಿ ಗೊಣಗಿದರು. ಕೊನೆಗೆ ಹರ್ಷಲ್ ಎಂಬ ರೈತನ ಕೊಟ್ಟಿಗೆಯ ಬಾಗಿಲು ಒಡೆದು, ಒಳಗಿಂದ ಬಂದ ವಾಕರ್‌ಗಳನ್ನೆಲ್ಲ ಕೊಂದು ಮುಗಿಸಿದಾಗ, ಎಲ್ಲರಿಗಿಂತ ಹಿಂದೆ ಸೋಫಿಯಾ ವಾಕರ್ ಆಗಿ ನಡೆದು ಬಂದಳು. ಕೋವಿಗಳೆಲ್ಲ ಕೆಳಗಿಳಿದವು. ರಿಕ್ ಒಬ್ಬನೇ ಮುಂದೆ ಬಂದ. ಅಷ್ಟು ಕಂತುಗಳ ನಿಧಾನಕ್ಕೆ ಆ ನಿಮಿಷದಲ್ಲಿ ನ್ಯಾಯ ಸಿಕ್ಕಿತು ಎಂದೇ ನಾನು ಇವತ್ತಿಗೂ ವಾದಿಸುತ್ತೇನೆ.

ಕಾಮಿಕ್ಸಿನಲ್ಲಿ ಸೋಫಿಯಾ ಸಾಯುವುದಿಲ್ಲ. ಹಾಗಿದ್ದೂ ತಮ್ಮ ಸಿಟ್ಟಾಗಲಿಲ್ಲ, ಏಕೆಂದರೆ ಅವಳ ಸಾವಿನಿಂದ ಅವಳ ತಾಯಿ ಕ್ಯಾರಲ್ ಬೆಳೆದಳು. ಕಾಮಿಕ್ಸಿನ ಕ್ಯಾರಲ್, ಗುಂಪು ಜೈಲಿನಲ್ಲಿ ಆಶ್ರಯ ಪಡೆದ ದಿನಗಳಲ್ಲೇ ಪ್ರಾಣ ಕಳೆದುಕೊಳ್ಳುವ ನತದೃಷ್ಟೆ, ಟಿ.ವಿ.ಯಲ್ಲಿ ಮೆಲಿಸಾ ಮೆಕ್‌ಬ್ರೈಡ್ ಅವಳನ್ನು ಇಡೀ ಸರಣಿಯ ಬೆನ್ನೆಲುಬು ಮಾಡಿದರು. ಟಿ.ವಿ.ಯ ಡ್ಯಾರಿಲ್ ಪಾತ್ರವಂತೂ ಕಾಮಿಕ್ಸಿನಲ್ಲಿ ಇಲ್ಲವೇ ಇಲ್ಲ. ಆದರೆ ಆಂಡ್ರಿಯಾ ವಿಷಯ ಎತ್ತಿದರೆ ತಮ್ಮನ ದನಿ ಈಗಲೂ ಬದಲಾಗುತ್ತದೆ. ಪುಸ್ತಕದಲ್ಲಿ ಬಹುದೂರದವರೆಗೆ ಬದುಕಿ ರಿಕ್‌ನ ಬಾಳಸಂಗಾತಿಯಾದ ಆ ಗಟ್ಟಿ ಹೆಂಗಸನ್ನು ಟಿ.ವಿ.ಯವರು ಮೂರನೆಯ ಸೀಸನ್ನಿಗೇ ಮುಗಿಸಿದರು. ಆ ದುಃಖ ಅವನೊಬ್ಬನದು. ನಾನು ಅದರಲ್ಲಿ ಪಾಲು ಕೇಳಲಾರೆ.

ಗ್ಲೆನ್ ಇಬ್ಬರಿಗೂ ಸೇರಿದವನು. ಮೊದಲು ಪಿಜ್ಜಾ ಡೆಲಿವರಿ ಮಾಡುತ್ತಿದ್ದ ಹುಡುಗ, ರಿಕ್ ಟ್ಯಾಂಕಿನೊಳಗೆ ಸಿಕ್ಕಿಬಿದ್ದಾಗ ರೇಡಿಯೋದಲ್ಲಿ ಕೇಳಿಸಿದ ದನಿ, ಹರ್ಷಲ್‌ನ ಮಗಳು ಮ್ಯಾಗಿಯ ಗಂಡ. ಸ್ಟೀವನ್ ಯೂನ್ ಆ ಪಾತ್ರಕ್ಕೆ ತಂದ ಸಜ್ಜನಿಕೆಗೆ ಸಮನಾದದ್ದು ಆ ಕಥೆಯಲ್ಲಿ ಬೇರೆ ಇರಲಿಲ್ಲ.

2015ರ ಅಕ್ಟೋಬರಿನಲ್ಲಿ ಆರನೆಯ ಸೀಸನ್ನಿನ ಮೂರನೆಯ ಕಂತು. ವಾಕರ್‌ಗಳ ಹಿಂಡಿನ ನಡುವೆ, ಕಬ್ಬಿಣದ ದೊಡ್ಡ ಕಸದ ತೊಟ್ಟಿಯ ಮೇಲೆ ಗ್ಲೆನ್ ಮತ್ತು ಅವನ ಜೊತೆಗಿದ್ದ ನಿಕೋಲಸ್. ನಿಕೋಲಸ್ ತನಗೆ ತಾನೇ ಗುಂಡಿಟ್ಟುಕೊಂಡು ಬೀಳುತ್ತಾನೆ, ಜೊತೆಗೆ ಗ್ಲೆನ್ ಕೂಡ. ಕರುಳು ಹೊರಬೀಳುತ್ತದೆ; ಅದು ಗ್ಲೆನ್‌ನದೇ ಎಂದು ನಾವು ನಂಬುವ ಹಾಗೆ ಕ್ಯಾಮೆರಾ ನಿಂತಿರುತ್ತದೆ. ಮುಂದಿನ ಕಂತುಗಳ ಆರಂಭದ ಹೆಸರುಪಟ್ಟಿಯಿಂದ ಯೂನ್ ಹೆಸರನ್ನೂ ತೆಗೆದರು. ನಾನು ಅತ್ತೆ, ಮನಸಾರೆ ಅತ್ತೆ. ಏಳನೆಯ ಕಂತಿನಲ್ಲಿ ಅವನು ತೊಟ್ಟಿಯ ಅಡಿಯಿಂದ ಎದ್ದುಬಂದಾಗ ಸಂತೋಷವಾಗಬೇಕಿತ್ತು. ಆಗಲಿಲ್ಲ. ನನ್ನ ಕಣ್ಣೀರನ್ನು ಯಾರೋ ಬೇಕೆಂದೇ ಬರಿಸಿ, ಕೆಲಸ ಆದಮೇಲೆ ಒರೆಸಿಕೋ ಎಂದಂತಾಯಿತು.

ಅದನ್ನಾದರೂ ಮರೆಯಬಹುದಿತ್ತು. 2016ರ ಏಪ್ರಿಲ್ 3ರಂದು ಆ ಸೀಸನ್ನಿನ ಕೊನೆಯ ಕಂತು ಬಂತು. ರಾತ್ರಿ, ಕಾಡಿನ ನಡುವೆ ರಿಕ್, ಗ್ಲೆನ್ ಸೇರಿ 11 ಮಂದಿ ಮಂಡಿಯೂರಿ ಕೂತಿದ್ದಾರೆ. ಮುಳ್ಳುತಂತಿ ಸುತ್ತಿದ ಬ್ಯಾಟು ಹಿಡಿದ ನೇಗನ್ ಎಂಬ ಖಳ ಒಬ್ಬೊಬ್ಬರ ಮುಂದೆ ನಿಂತು ಎಣಿಸುತ್ತಾನೆ. ಬ್ಯಾಟು ಎತ್ತುತ್ತಾನೆ. ಏಟು ಬೀಳುವುದು ಕ್ಯಾಮೆರಾದ ಮೇಲೆ, ಅಂದರೆ ನಮ್ಮ ಮೇಲೆ. ಸತ್ತವರು ಯಾರು ಎಂದು ಹೇಳಲೇ ಇಲ್ಲ. ಅಕ್ಟೋಬರ್ 23ರವರೆಗೆ ಹೇಳಲಿಲ್ಲ. ಅಷ್ಟು ತಿಂಗಳು ಒಂದು ಸಾವು ಊಹೆಯ ಆಟವಾಗಿ, ಮುಂದಿನ ಸೀಸನ್ನಿನ ಪ್ರಚಾರವಾಗಿ ತಿರುಗಿತು.

ಯಕ್ಷಗಾನದ ‘ಅಭಿಮನ್ಯು ಕಾಳಗ’ ಪ್ರಸಂಗಕ್ಕೆ ಬಂದು ಕೂತವರಿಗೆ ಹುಡುಗ ಚಕ್ರವ್ಯೂಹದಿಂದ ಹೊರಗೆ ಬರುವುದಿಲ್ಲವೆಂದು ಮೊದಲೇ ಗೊತ್ತು. ಗೊತ್ತಿದ್ದೇ ಬರುತ್ತಾರೆ, ಗೊತ್ತಿದ್ದೇ ಅಳುತ್ತಾರೆ. ಕಾಮಿಕ್ಸ್ ಓದುಗರ ಸ್ಥಿತಿಯೂ ಅದೇ. 2012ರ ಜುಲೈನಲ್ಲಿ ಬಂದ 100ನೆಯ ಸಂಚಿಕೆಯಲ್ಲಿ ಇದೇ ನೇಗನ್, ಇದೇ ಬ್ಯಾಟು, ಇದೇ ಗ್ಲೆನ್. ಚಾರ್ಲಿ ಆಡ್ಲರ್ಡ್ ಬರೆದ ಆ ಕಪ್ಪು-ಬಿಳುಪು ಚಿತ್ರಗಳನ್ನು ತಮ್ಮ ಆಮೇಲೆ ನನಗೆ ತೋರಿಸಿದ. ನೋಡಲಾಗದಷ್ಟು ಕ್ರೂರ. ಆದರೆ ಅಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಗ್ಲೆನ್ ಮ್ಯಾಗಿಯ ಹೆಸರು ಕರೆಯುತ್ತಾನೆ, ಸಾಯುತ್ತಾನೆ, ಅದೇ ಸಂಚಿಕೆಯಲ್ಲಿ ಉಳಿದವರ ಗೋಳು ಶುರುವಾಗುತ್ತದೆ. ಓದುಗರಿಗೆ ಒಟ್ಟಿಗೆ ಅಳಲು ಜಾಗ ಸಿಕ್ಕಿತು. “ನಿಮಗೆ ಅದೂ ಕೊಡಲಿಲ್ಲವಲ್ಲ ಅಕ್ಕಾ” ಅಂದ.

ಏಳನೆಯ ಸೀಸನ್ನಿನ ಮೊದಲ ಕಂತಿನಲ್ಲಿ ಮೊದಲು ಗುಂಪಿನ ಅಬ್ರಹಾಂ, ಬೆನ್ನಿಗೇ ಗ್ಲೆನ್ ಸತ್ತರು. ಅಮೆರಿಕದಲ್ಲಿ ಅದನ್ನು ನೋಡಿದವರು ಸುಮಾರು 1.7 ಕೋಟಿ, ಸೀಸನ್ ಮುಗಿಯುವ ಹೊತ್ತಿಗೆ 50 ಲಕ್ಷಕ್ಕೂ ಹೆಚ್ಚು ಮಂದಿ ಕಡಿಮೆಯಾಗಿದ್ದರು. ರಕ್ತ ಹೆಚ್ಚಾಯಿತು, ಅದಕ್ಕೇ ಬಿಟ್ಟರು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆರು ವರ್ಷ ರಕ್ತ ನೋಡಿಯೇ ಕೂತಿದ್ದವರು ಅವರು. ಕಾಯಿಸಿ ಕಾಯಿಸಿ ಅವರ ದುಃಖವನ್ನು ಒಣಗಿಸಿಬಿಟ್ಟಿದ್ದರು. ಸಾವು ಬಂದಾಗ ಅದಕ್ಕೆ ಕೊಡಲು ಅವರ ಬಳಿ ಏನೂ ಉಳಿದಿರಲಿಲ್ಲ.

2018ರಲ್ಲಿ ಟಿ.ವಿ.ಯವರು ರಿಕ್‌ನ ಮಗ ಕಾರ್ಲ್‌ನನ್ನೂ ಕೊಂದರು. ಕಾಮಿಕ್ಸು 2019ರ ಜುಲೈನಲ್ಲಿ 193ನೆಯ ಸಂಚಿಕೆಗೆ ಮುಗಿದಾಗ ತಮ್ಮ ಅದನ್ನು ನನಗೆ ಕಳಿಸಿಕೊಟ್ಟ. ಅದು ಕೊನೆಯ ಸಂಚಿಕೆಯೆಂದು ಕರ್ಕ್‌ಮನ್ ಓದುಗರಿಗೆ ಮುಂಚಿತವಾಗಿ ಹೇಳಿರಲಿಲ್ಲ. ಎಂದೂ ಬರದ ಸಂಚಿಕೆಗಳನ್ನೂ ಪ್ರಕಟಣೆಯ ಪಟ್ಟಿಯಲ್ಲಿ ಸೇರಿಸಿದ್ದರು. ಅದೂ ಮುಚ್ಚಿಟ್ಟದ್ದೇ ಅಲ್ಲವೇ ಎಂದು ತಮ್ಮನನ್ನು ಕೇಳಿದೆ. ಮುಚ್ಚಿಟ್ಟರು ನಿಜ, ಆದರೆ ಕಾಯಿಸಲಿಲ್ಲ ಎಂದ. ಆ ಸಂಚಿಕೆಯಲ್ಲಿ ಕಾರ್ಲ್ ದೊಡ್ಡವನಾಗಿದ್ದಾನೆ. ಸೋಫಿಯಾ ಅವನ ಹೆಂಡತಿ. ಮಗಳ ಹೆಸರು ಆಂಡ್ರಿಯಾ. ಟಿ.ವಿ.ಯಲ್ಲಿ ಮಣ್ಣಾದ ಇಬ್ಬರು ಮಕ್ಕಳು ಪುಸ್ತಕದಲ್ಲಿ ಸಂಸಾರ ಮಾಡುವುದನ್ನು ನೋಡುತ್ತ ನಾನು ಬಹಳ ಹೊತ್ತು ಕೂತಿದ್ದೆ.

ಅಷ್ಟು ಹೊತ್ತಿಗೆ ಟಿ.ವಿ. ಸರಣಿಯ ಹೊಣೆ ಆಂಜೆಲಾ ಕಾಂಗ್ ಕೈಗೆ ಬಂದಿತ್ತು. ಒಂಬತ್ತನೆಯ ಸೀಸನ್ನಿನ ಹದಿನೈದನೆಯ ಕಂತಿನಲ್ಲಿ ಶತ್ರುಗಳು ಕಡಿದ ಹತ್ತು ತಲೆಗಳು ಈಟಿಗಳ ಮೇಲೆ ಸಾಲಾಗಿ ನಿಲ್ಲುತ್ತವೆ. ಅದರಲ್ಲಿ ಒಂದು ಕ್ಯಾರಲ್‌ನ ಸಾಕುಮಗ ಹೆನ್ರಿಯದು. ಯಾವುದನ್ನೂ ಮುಂದಿನ ವಾರಕ್ಕೆ ಎಂದು ಉಳಿಸಿಕೊಳ್ಳಲಿಲ್ಲ. ಅದೇ ಕಂತಿನಲ್ಲಿ, ಅಲ್ಲಿಂದ ಬದುಕಿ ಬಂದ ಸಿದ್ದಿಕ್ ಎಂಬವನು ಜನರ ಮುಂದೆ ನಿಂತು, ಸತ್ತವರು ಕೊನೆಯ ಗಳಿಗೆಯಲ್ಲಿ ಒಬ್ಬರಿಗೊಬ್ಬರು ಹೇಗೆ ಅಡ್ಡ ನಿಂತು ಹೋರಾಡಿದರೆಂದು ಹೇಳುತ್ತಾನೆ. ಗ್ಲೆನ್‌ಗೆ ಸಿಗದೇ ಹೋದದ್ದು ಇಷ್ಟೇ. ಗ್ಲೆನ್ ಪ್ರಕರಣದಲ್ಲಿ ಮುನಿದು ಎದ್ದುಹೋದವರು ಸಿಕ್ಕಾಗಲೆಲ್ಲ ಈ ಕಂತನ್ನು ನೋಡಲು ಹೇಳುತ್ತೇನೆ. ತಮ್ಮನಿಗೂ ಹೇಳಿದ್ದೇನೆ, ಅವನು ಇನ್ನೂ ನೋಡಿಲ್ಲ.