ಮಂಜುಗಡ್ಡೆಯ ಮೇಲಣ ಕೆಲಸ

ಎಂಬತ್ತರ ದಶಕದಲ್ಲಿ ನಾನು ಬೆಂಗಳೂರಿನ ಜೀವರಸಾಯನ ಪ್ರಯೋಗಾಲಯವೊಂದನ್ನು ಸೇರಿದಾಗ, ಜೀವಕೋಶಗಳೊಳಗಣ ಸಾವಿರಾರು ಪ್ರೋಟೀನುಗಳ ನಡುವಿನಿಂದ ಒಂದನ್ನು ಪ್ರತಿಕಾಯದ ನೆರವಿನಿಂದ ಗುರುತಿಸುವ ವಿದ್ಯೆ ಇನ್ನೂ ನವೀನವಾಗಿತ್ತು. 1970ರಲ್ಲಿ ಲೆಮ್ಲಿಯವರು ಪ್ರಕಟಿಸಿದ ಜೆಲ್ ವಿಧಾನವೂ, 1979ರಲ್ಲಿ ಟೋಬಿನ್ ಮತ್ತು ಸಂಗಡಿಗರು ತೋರಿಸಿಕೊಟ್ಟ, ಜೆಲ್ಲಿನ ಪ್ರೋಟೀನುಗಳನ್ನು ನೈಟ್ರೋಸೆಲ್ಯುಲೋಸ್ ಹಾಳೆಗೆ ಇಳಿಸುವ ಉಪಾಯವೂ ಕೂಡಿ, 'ವೆಸ್ಟರ್ನ್ ಬ್ಲಾಟ್' ಎಂಬ ಹೆಸರಿನಿಂದ ರೂಢಿಗೆ ಬರುತ್ತಿದ್ದವು. ಎಲ್ಲರ ದೃಷ್ಟಿಯೂ ಹಾಳೆಯಲ್ಲಿ ಮೂಡುವ ಪಟ್ಟಿಯ ಮೇಲಿದ್ದರೂ, ಆ ಪಟ್ಟಿಯ ಭವಿಷ್ಯ ನಿರ್ಣಯವಾಗುತ್ತಿದ್ದುದು ಅದಕ್ಕೂ ಬಹು ಮೊದಲು, ಮಂಜುಗಡ್ಡೆ ತುಂಬಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ.

ಜೀವಕೋಶದ ಪೊರೆ ಒಡೆದೊಡನೆ, ಅದುವರೆಗೆ ಒಳಗಣ ಕೋಣೆಗಳಲ್ಲಿ ನಿರ್ಬಂಧಿತವಾಗಿದ್ದ ಪ್ರೋಟಿಯೇಸ್ ಕಿಣ್ವಗಳು ಹೊರನುಗ್ಗಿ, ನಾವು ಅರಸಹೊರಟ ಪ್ರೋಟೀನನ್ನೇ ತುಂಡರಿಸತೊಡಗುತ್ತವೆ. ಅವನ್ನು ತಡೆಯುವ ಪಿಎಂಎಸ್ಎಫ್ ಎಂಬ ವಸ್ತುವಾದರೋ ನೀರಿನಲ್ಲಿ ಬೇಗನೆ ನಿರ್ವೀರ್ಯವಾಗುವಂಥದು. ಆದುದರಿಂದ ಅದನ್ನು ಐಸೊಪ್ರೊಪನಾಲಿನಲ್ಲಿ ಕರಗಿಸಿಟ್ಟುಕೊಂಡು, ಕೋಶಗಳನ್ನು ತಣ್ಣನೆಯ ಲವಣದ್ರಾವಣದಿಂದ ತೊಳೆದು ಮುಗಿಸುವ ಹೊತ್ತಿಗೆ ಸರಿಯಾಗಿ, ಅವನ್ನು ಒಡೆಯುವ ಬಫರ್ ದ್ರಾವಣಕ್ಕೆ ಬೆರೆಸಬೇಕಾಗಿತ್ತು. ಎಸ್‌ಡಿಎಸ್ ಎಂಬ ಮಾರ್ಜಕ ಸೇರಿದ ಮೇಲೆ ಕೋಶಕೇಂದ್ರಗಳೂ ಒಡೆದು, ಹೊರಬಂದ ಡಿಎನ್ಎ ಬೆಂಡೆಕಾಯಿಯ ಲೋಳೆಯಂತೆ ಪಿಪೆಟ್ಟಿನ ತುದಿಗೆ ಅಂಟಿಕೊಂಡು ಬರುತ್ತಿತ್ತು. ಸಣ್ಣ ಸೂಜಿಯ ಸಿರಿಂಜಿನಲ್ಲಿ ಎಳೆದೆಳೆದು ಬಿಟ್ಟು ಅದರ ಎಳೆಗಳನ್ನು ಕಡಿದಲ್ಲದೆ ಮಾದರಿ ಜೆಲ್ಲಿನ ಕುಳಿಗೆ ನೆಟ್ಟಗೆ ಇಳಿಯುತ್ತಿರಲಿಲ್ಲ. ಬಳಿಕ ಮರ್ಕಾಪ್ಟೊಇಥನಾಲ್ ಬೆರೆಸಿ, 95 ಡಿಗ್ರಿಯಲ್ಲಿ 5 ನಿಮಿಷ ಕಾಯಿಸುವಾಗ ಏಳುತ್ತಿದ್ದ ಆ ದುರ್ಗಂಧ ಅಂಗಿಯನ್ನು ಒಗೆಯುವವರೆಗೂ ಬಿಡುತ್ತಿರಲಿಲ್ಲ.

ಪ್ರೋಟೀನಿನ ಮೇಲಣ ಫಾಸ್ಫೇಟನ್ನು ಹುಡುಕುವವರ ಕಷ್ಟ ಇನ್ನೂ ಸೂಕ್ಷ್ಮವಾದುದು. ಅದನ್ನು ಕಿತ್ತೊಗೆಯುವ ಕಿಣ್ವಗಳಿಗೆ ಸೋಡಿಯಂ ಆರ್ಥೊವನಡೇಟ್ ಒಡ್ಡಬೇಕು. ಆದರೆ ಆ ದ್ರಾವಣವನ್ನು ಪಿಎಚ್ 10ಕ್ಕೆ ತಂದು, ಹಳದಿ ಬಣ್ಣ ಅಳಿದು ತಿಳಿಯಾಗುವವರೆಗೆ ಕುದಿಸಿ, ಆರಿಸಿ, ಮತ್ತೆ ಪಿಎಚ್ ನೋಡಿ, ಮತ್ತೆ ಕುದಿಸಬೇಕಾಗಿತ್ತು.

ಕಾಲಕ್ರಮದಲ್ಲಿ ಪ್ರತಿಬಂಧಕಗಳೆಲ್ಲ ಒಂದೇ ಗುಳಿಗೆಯಲ್ಲಿ ಅಡಕವಾಗಿ ಬಂದವು, ಬಫರು ಸೀಸೆಯಲ್ಲಿ ಸಿದ್ಧವಾಗಿ ಬಂತು, ಕತ್ತಲೆಕೋಣೆಯ ಫಿಲ್ಮಿನ ಸ್ಥಾನವನ್ನು ಕ್ಯಾಮೆರಾ ಆಕ್ರಮಿಸಿತು. ವಿಷವಸ್ತುವಾದ ಪಿಎಂಎಸ್ಎಫನ್ನು ತೂಗುವ ಅಪಾಯದಿಂದ ತರುಣರು ಪಾರಾದುದು ನನಗೆ ನಿಜವಾದ ಸಂತೋಷ. ಆದರೂ ಹೊಸಬರಿಂದ ನಾನು ಮೊದಲ ಬಫರನ್ನು ಅವರ ಕೈಯಿಂದಲೇ ಮಾಡಿಸುತ್ತಿದ್ದೆ. ಏಕೆಂದರೆ ಇಡಿಟಿಎ ಎಂಬ ರಾಸಾಯನಿಕ ಬೆರೆತ ಗುಳಿಗೆಯು ವನಡೇಟಿನ ಶಕ್ತಿಯನ್ನೇ ಹೀರಿಬಿಡುತ್ತದೆಂಬುದು, ಎರಡನ್ನೂ ಬೇರೆಬೇರೆಯಾಗಿ ತೂಗಿ ಕರಗಿಸಿ ಬಲ್ಲವರಿಗೆ ಗುಳಿಗೆಯ ಪೊಟ್ಟಣವನ್ನು ಬಿಚ್ಚುವ ಮುನ್ನವೇ ಹೊಳೆಯುತ್ತಿತ್ತು.